ಬಿಸಿನೀರಿನ ಮೂರ್ಛೆಯ ಜಾಡು ಹಿಡಿದು

ಫಿಟ್ಸ್ ಬಂದ ಮಗುವನ್ನು ಕರೆದೊಯ್ದರೆ ವೈದ್ಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವವೇ. ಜ್ವರ ಬಂದಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ಮನೆತನದಲ್ಲಿ ಯಾರಿಗಾದರೂ ಇತ್ತೇ? ಇವುಗಳ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂಬುದನ್ನು ತೋರಿಸಿಕೊಟ್ಟವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ. ಫಿಟ್ಸ್ ಬಂದಾಗ ಮಗು ಸ್ನಾನ ಮಾಡುತ್ತಿತ್ತೇ? 1968ರಲ್ಲಿ ಅವರು ಮತ್ತು ಅವರ ಸಂಗಡಿಗರು ಈ ವಿಚಿತ್ರ ಮೂರ್ಛೆಯ ಬಗ್ಗೆ ತಮ್ಮ ಮೊದಲ ವರದಿ ಬರೆದರು. 1974ರ ಹೊತ್ತಿಗೆ ಅವರು 108 ರೋಗಿಗಳ ವಿವರ ಕಲೆಹಾಕಿದ್ದರು. ಇವರಿಗೆಲ್ಲ ಮೂರ್ಛೆ ಬರುತ್ತಿದ್ದುದು ತಲೆಯ ಮೇಲೆ ಬಿಸಿನೀರು ಬಿದ್ದಾಗ.

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರಿನವರಿಗೆ ಇದು ಹೇಗೆ ಆಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಂಡೆಯ ಕೆಳಗೆ ಹತ್ತಿಕಟ್ಟಿಗೆಯೋ ಗೋವಿನಜೋಳದ ಬೆಂಡೋ ಉರಿಯುತ್ತಿರುತ್ತದೆ. ನೀರಿನ ಬಿಸಿ ಎಷ್ಟೆಂದು ನೋಡುವುದು ಬೆರಳ ತುದಿ. ಎಣ್ಣೆ ಹಚ್ಚಿ ಮಗುವಿಗೆ ಎರೆಯುವ ದಿನ ನೀರು ಚೆನ್ನಾಗಿ ಕಾದಿರಬೇಕು, ತಂಬಿಗೆಯ ಹಿಂದೆ ತಂಬಿಗೆ ನೆತ್ತಿಯ ಮೇಲೆ ಸುರಿಯಬೇಕು, ಇಲ್ಲದಿದ್ದರೆ ಎರೆದಂತೆಯೇ ಅಲ್ಲ. ಹೀಗೆ ಎರೆಯುವ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುತ್ತದೆ. ಸಾವಿರಾರು ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ, ಹಾಯಾಗಿ ನಿದ್ದೆ ಹೋಗುತ್ತವೆ. ಎಲ್ಲೋ ಒಂದು ಮಗು ಮಾತ್ರ ನಡುವೆಯೇ ದಿಟ್ಟಿಸಿ ನೋಡತೊಡಗುತ್ತದೆ, ಕರೆದರೆ ಓಗೊಡುವುದಿಲ್ಲ, ಅರ್ಥವಿಲ್ಲದೆ ಏನೋ ಗೊಣಗುತ್ತದೆ. ಕೆಲವರಲ್ಲಿ ಅಲ್ಲಿಗೇ ನಿಲ್ಲದೆ ಕೈಕಾಲು ಸೆಟೆದು ಅದುರುತ್ತವೆ.

ಬಚ್ಚಲಲ್ಲೇ ಹೀಗಾಗುತ್ತದೆಂದರೆ ಅಲ್ಲಿ ಏನೋ ಇದೆ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ನಿಂಬೆಹಣ್ಣು, ತಾಯತ, ಹರಕೆಗಳಲ್ಲಿ ವರ್ಷಗಳು ಕಳೆದುಹೋಗುತ್ತವೆ. ಮನೆಯವರು ಗಮನಿಸಿದ್ದು ಮಾತ್ರ ಸುಳ್ಳಲ್ಲ. ಬಚ್ಚಲಿಗೂ ಮೂರ್ಛೆಗೂ ನಂಟಿದೆ, ಆ ನಂಟು ನೀರಿನ ಬಿಸಿಯದು.

ಈ ನಂಟನ್ನು ದಶಕಗಟ್ಟಲೆ ಬೆನ್ನುಹತ್ತಿದವರು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ. ಮುಂದೆ ಅವರು ಆ ಸಂಸ್ಥೆಯ ನಿರ್ದೇಶಕರೂ ಆದರು. 1988ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ 279 ರೋಗಿಗಳಿದ್ದರು. ಹೆಚ್ಚಿನವರಿಗೆ ಕಾಯಿಲೆ ಶುರುವಾದದ್ದು ಚಿಕ್ಕಂದಿನಲ್ಲಿ ಅಥವಾ ಹರೆಯಕ್ಕೆ ಕಾಲಿಡುವ ವಯಸ್ಸಿನಲ್ಲಿ, ಅವರಲ್ಲೂ ಗಂಡುಮಕ್ಕಳೇ ಜಾಸ್ತಿ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರ್ಛೆ ಬರುವ ಹೊತ್ತಿನಲ್ಲಿ ಒಂದು ಬಗೆಯ ಹಿತ ಅನ್ನಿಸಿ, ನೀರು ಸುರಿದುಕೊಳ್ಳುವುದನ್ನು ನಿಲ್ಲಿಸಲಾಗುವುದಿಲ್ಲ ಎಂಬುದು ಇಂಥ ಅಧ್ಯಯನಗಳಲ್ಲಿ ಕಂಡುಬಂದ ವಿಲಕ್ಷಣ ಸಂಗತಿ. ಸಾಕು ಎಂದು ಮನೆಯವರು ಕೂಗಿದರೂ ತಂಬಿಗೆ ಕೆಳಗಿಡದ ಹುಡುಗನದು ಹಟವಲ್ಲ. ಆಗಲೇ ಮಿದುಳು ಅವನ ಹಿಡಿತದಲ್ಲಿರುವುದಿಲ್ಲ.

ಈ ಕಾಯಿಲೆ ನಮ್ಮಲ್ಲಷ್ಟೇ ಇಲ್ಲ. ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ದಾಖಲಾದದ್ದು 1945ರಲ್ಲಿ, ನ್ಯೂಜಿಲೆಂಡಿನ ಹತ್ತು ವರ್ಷದ ಬಾಲಕನ ಪ್ರಕರಣವಾಗಿ. ಟರ್ಕಿಯಲ್ಲೂ ಸಾಕಷ್ಟು ವರದಿಗಳಾಗಿವೆ, ಅಲ್ಲಿಯೂ ಬಟ್ಟಲಿನಿಂದ ತಲೆಗೆ ನೀರು ಸುರಿದುಕೊಳ್ಳುವ ರೂಢಿಯಿದೆ. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ರೋಗಿಗಳು ವರದಿಯಾಗಿರುವುದು ದಕ್ಷಿಣ ಭಾರತದಿಂದ, ಅದರಲ್ಲೂ ಕರ್ನಾಟಕದ ದಕ್ಷಿಣದ ಜಿಲ್ಲೆಗಳಿಂದ.

ಬರೀ ಬಿಸಿ ತಾಗಿದರೆ ಮಿದುಳು ಯಾಕೆ ಹೀಗೆ ಕೆರಳಬೇಕು? ಇದನ್ನು ತಿಳಿಯಲು ಚರ್ಮದಿಂದ ಶುರುಮಾಡಬೇಕು. ನರದ ತುದಿಗಳಲ್ಲಿ ಸುಮಾರು 43 ಡಿಗ್ರಿ ದಾಟಿದೊಡನೆ ತೆರೆದುಕೊಳ್ಳುವ ಪ್ರೋಟೀನ್ ಬಾಗಿಲುಗಳಿವೆ. ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಅವನ್ನು ಪತ್ತೆಹಚ್ಚಿತು, 2021ರಲ್ಲಿ ಜೂಲಿಯಸ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಬಿಸಿಗೆ ತೆರೆಯುವ ಈ ಬಾಗಿಲೇ ಮೆಣಸಿನಕಾಯಿಯ ಖಾರಕ್ಕೂ ತೆರೆಯುತ್ತದೆ. ಖಾರದ ಕಾಯಿ ತಿಂದರೆ ಬಾಯಿ 'ಸುಡುವುದು' ಇದೇ ಕಾರಣಕ್ಕೆ.

ಬಾಗಿಲು ತೆರೆದಾಗ ಹೊರಟ ಸಂದೇಶ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ನರಕೋಶಗಳು ಒಂದನ್ನೊಂದು ಕೆರಳಿಸುತ್ತಲೂ ತಣಿಸುತ್ತಲೂ ಇರುತ್ತವೆ. ಕೆರಳಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್, ತಣಿಸುವುದು ಗಾಬಾ. ಈ ಸಮತೋಲ ತಪ್ಪಿ ಸಾವಿರಾರು ಕೋಶಗಳು ಒಟ್ಟಿಗೇ ಮಿಡಿದಾಗ ಮೂರ್ಛೆ. ನಿಮ್ಹಾನ್ಸ್‌ನ ತಂಡ ಇದನ್ನು ಇಲಿಗಳಲ್ಲಿ ಪರೀಕ್ಷಿಸಿತು. ಇಲಿಯ ತಲೆಗೆ ಬಿಸಿನೀರು ಬಿಟ್ಟಾಗ ಅದಕ್ಕೂ ಮೂರ್ಛೆ ಬಂತು. ದಿನ ಬಿಟ್ಟು ದಿನ ಇದನ್ನೇ ಮಾಡುತ್ತ ಹೋದಂತೆ ಮೊದಲಿಗಿಂತ ಕಡಿಮೆ ಬಿಸಿಗೇ ಬರತೊಡಗಿತು, ಹೆಚ್ಚು ಹೊತ್ತು ಇರತೊಡಗಿತು. ಮಿದುಳು ಮೂರ್ಛೆಯನ್ನು ರೂಢಿಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. 'ದೊಡ್ಡವನಾದರೆ ತಾನೇ ಹೋಗುತ್ತದೆ' ಎಂದು ಕಾಯುವುದು ಸರಿಯಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ. ಚಿಕಿತ್ಸೆ ಇಲ್ಲದೆ ಬಿಟ್ಟವರಲ್ಲಿ ಒಂದಷ್ಟು ಮಂದಿಗೆ ಮುಂದೆ ಬಿಸಿನೀರು ತಾಗದೆಯೂ ಫಿಟ್ಸ್ ಬರತೊಡಗುತ್ತವೆ.

ಮನುಷ್ಯರಲ್ಲಿ ಇದನ್ನು ಅಳೆಯುವುದು ಅಷ್ಟು ಸುಲಭವಲ್ಲ. ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ಇಇಜಿ ಯಂತ್ರ ಒಣಗಿದ ತಲೆಗೆ ಹೇಳಿ ಮಾಡಿಸಿದ್ದು. ನೀರು ಸುರಿಯುವಾಗ ತಂತಿ ಕಳಚುತ್ತದೆ, ಅಲುಗಾಟವೆಲ್ಲ ಗೆರೆಗಳಲ್ಲಿ ಮೂಡುತ್ತದೆ. ಮೂರ್ಛೆ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಬಹುತೇಕರಲ್ಲಿ ಸರಿಯಾಗಿಯೇ ಇರುತ್ತದೆ. ಆದ್ದರಿಂದ 'ಇಇಜಿ ನಾರ್ಮಲ್' ಎಂಬ ಚೀಟಿ ಹಿಡಿದು ಊರಿಗೆ ಮರಳಿದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ.

ಕೆಲವು ಮನೆತನಗಳಲ್ಲಿ ಇದು ಅಜ್ಜನಿಂದ ಮೊಮ್ಮಗನವರೆಗೆ ಕಾಣಿಸಿಕೊಳ್ಳುತ್ತದೆ. ಅಂಥ ಕುಟುಂಬಗಳ ಜಾಡು ಹಿಡಿದವರು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಳಿವಿಜ್ಞಾನಿ ಅನುರಂಜನ್ ಆನಂದ್. ಸತೀಶ್‌ಚಂದ್ರ ಅವರ ಜೊತೆಗೂಡಿ ಅವರ ತಂಡ 2009ರಲ್ಲಿ 10ನೆಯ ಮತ್ತು 4ನೆಯ ವರ್ಣತಂತುಗಳಲ್ಲಿ ಕಾಯಿಲೆಗೆ ಸಂಬಂಧಿಸಿದ ಜಾಗಗಳನ್ನು ಗುರುತಿಸಿತು. 2017ರಲ್ಲಿ ಕೆಲವು ರೋಗಿಗಳಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನಿನ ಅಪರೂಪದ ವ್ಯತ್ಯಾಸಗಳು ಸಿಕ್ಕವು. ಈ ಜೀನ್ ತಯಾರಿಸುವ ಪ್ರೋಟೀನಿನ ಕೆಲಸ, ಸಂತೆ ಮುಗಿದ ಮೇಲೆ ಬಯಲು ಗುಡಿಸುವವರಂತೆ, ಕೋಶಗಳ ಸುತ್ತ ಉಳಿದ ಗ್ಲುಟಮೇಟನ್ನು ಬಳಿದು ಒಳಗೆಳೆದುಕೊಳ್ಳುವುದು. ಆ ಕೆಲಸ ಸರಿಯಾಗಿ ಆಗದಿದ್ದರೆ ಕೆರಳಿಕೆ ಉಳಿದುಬಿಡುತ್ತದೆ. ಕುಟುಂಬದಿಂದ ಕುಟುಂಬಕ್ಕೆ ಜೀನ್ ಬೇರೆಯಾಗಬಹುದು, ಒಂದೇ ರಕ್ತಪರೀಕ್ಷೆಯಿಂದ ಎಲ್ಲರ ಕಾಯಿಲೆ ಹೇಳಿಬಿಡುವ ಹಾಗಿಲ್ಲ.

ಇಷ್ಟೆಲ್ಲ ಗಹನವಾದ ಕಾಯಿಲೆಗೆ ಮದ್ದು ಮಾತ್ರ ಬಡವರ ಕೈಗೂ ಎಟಕುವಂಥದ್ದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನೀರನ್ನು ಉಗುರುಬೆಚ್ಚಗೆ ಇಳಿಸಿದರೆ, ನೆತ್ತಿಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿದರೆ ಅನೇಕರಿಗೆ ಮೂರ್ಛೆ ಬರುವುದೇ ಇಲ್ಲ. ಅಷ್ಟಕ್ಕೆ ನಿಲ್ಲದವರಿಗೆ, ತಲೆಗೆ ಎರೆಯುವ ದಿನ ಮಾತ್ರ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವ ಪದ್ಧತಿಯಿದೆ. ಅದು ಗಾಬಾದ ತಣಿಸುವ ಕೆಲಸಕ್ಕೆ ಬಲ ಕೊಡುತ್ತದೆ. ಪ್ರಮಾಣವನ್ನು ವೈದ್ಯರೇ ಬರೆದುಕೊಡಬೇಕು. ಬೇರೆ ಹೊತ್ತಿನಲ್ಲೂ ಫಿಟ್ಸ್ ಬರುವವರಿಗೆ ದಿನದ ಮಾತ್ರೆ ಬೇಕು, ಅದನ್ನು ತಾವೇ ತಟ್ಟನೆ ಬಿಡಬಾರದು.

ಹಳ್ಳಿಯಲ್ಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂಬುದನ್ನೂ ಕರ್ನಾಟಕವೇ ತೋರಿಸಿದೆ. ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮೂರ್ಛೆಯ ಚಿಕಿತ್ಸೆ ಕಲಿಸಲಾಯಿತು. ಡಾ. ಮಣಿ ಮುಂದೆ ಯಳಂದೂರು ಎಂಬ ಗ್ರಾಮೀಣ ತಾಲ್ಲೂಕಿನಲ್ಲಿ ಕೆಲಸ ಮಾಡಿದರು. ಅಲ್ಲಿ 64,963 ಜನರನ್ನು ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ನಾಲ್ಕೈದು ಮಂದಿಗೆ ಮೂರ್ಛೆರೋಗ ಕಂಡುಬಂತು. ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗರ ಕಾಯಿಲೆ ಹತೋಟಿಗೆ ಬಂದುದನ್ನು 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತು.

ಬಚ್ಚಲಲ್ಲಿ ಮಗುವಿಗೆ ಹೀಗಾದರೆ ಮೊದಲು ನೀರು ಸುರಿಯುವುದನ್ನು ನಿಲ್ಲಿಸಿ, ಹಂಡೆ ಒಲೆಗಳಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಮಲಗಿಸಬೇಕು. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ, ಚಪ್ಪಲಿ ಮೂಸಿಸುವುದರಿಂದ ಏನೂ ಆಗದು. ಬಾಯಿಗೆ ಚಮಚ, ನೀರು ಏನನ್ನೂ ಹಾಕಕೂಡದು. ಐದು ನಿಮಿಷವಾದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಮಕ್ಕಳು ಸ್ನಾನಕ್ಕೆ ಹೋದಾಗ ಒಳಗಿನಿಂದ ಚಿಲಕ ಹಾಕದಂತೆ ನೋಡಿಕೊಳ್ಳಬೇಕು. ರಾಣೆಬೆನ್ನೂರಿನ ತಾಲ್ಲೂಕು ಆಸ್ಪತ್ರೆಗಾಗಲಿ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗಾಗಲಿ ಹೋಗುವಾಗ, ಸಾಧ್ಯವಾದರೆ ಫಿಟ್ಸ್ ಬಂದಾಗಿನ ಮೊಬೈಲ್ ವಿಡಿಯೊ ಜೊತೆಗಿರಲಿ. ನೀರು ಎಷ್ಟು ಬಿಸಿಯಿತ್ತು, ಎಷ್ಟನೆಯ ತಂಬಿಗೆಗೆ ಶುರುವಾಯಿತು, ತಣ್ಣೀರು ಹಾಕಿದಾಗ ಬರುತ್ತದೆಯೇ ಎಂಬುದನ್ನು ವೈದ್ಯರು ಕೇಳದಿದ್ದರೂ ಮನೆಯವರೇ ಹೇಳಬೇಕು.