ಬಾಳಿನ ಹಿತಕ್ಕೊಂದು ಅಳತೆಗೋಲು

ಉಷ್ಣವನ್ನಳೆಯಲು ಉಷ್ಣಮಾಪಕವುಂಟು, ಗಾಳಿಯ ಒತ್ತಡವನ್ನು ತಿಳಿಯಲು ವಾಯುಭಾರಮಾಪಕವುಂಟು. ಒಬ್ಬ ವ್ಯಕ್ತಿಯ ಬಾಳು ಎಷ್ಟರಮಟ್ಟಿಗೆ ಹಿತವಾಗಿದೆಯೆಂಬುದನ್ನು ಅಳೆಯುವ ಮಾಪಕ ಯಾವುದು? ಇದು ಕವಿಗಳಿಗೂ ವೇದಾಂತಿಗಳಿಗೂ ಸೇರಿದ ಪ್ರಶ್ನೆಯೆಂದು ವಾಚಕರಿಗೆ ತೋರಬಹುದು. ಆದರೆ ಇಂದು ಇದು ವೈದ್ಯವಿಜ್ಞಾನದ ಪ್ರಶ್ನೆಯೂ ಆಗಿದೆ.

ಸ್ತನದ ಕ್ಯಾನ್ಸರ್ ಅಥವಾ ಏಡಿಗಂತಿ ಭಾರತದ ಮಹಿಳೆಯರಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್. 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಇದು ಹೊಸದಾಗಿ ತಗುಲಿತೆಂದು ಅಂದಾಜು. ಬೇಗ ಪತ್ತೆಯಾದರೆ ಚಿಕಿತ್ಸೆಯಿಂದ ಗುಣಹೊಂದಿ ದೀರ್ಘಕಾಲ ಬಾಳುವವರು ಅನೇಕರು. ಹಾಗೆ ಉಳಿದ ಬಾಳು ಎಂತಹುದು ಎಂಬುದೇ ಈಗಿನ ವಿಚಾರ.

ಬಜಪೆಯಂತಹ ಊರಿನ ನಿದರ್ಶನವನ್ನೇ ತೆಗೆದುಕೊಳ್ಳೋಣ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರಕ್ಕೆ ನೆರವಾಗುತ್ತಾರೆ. ಎಲೆಯನ್ನು ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಈ ಕೆಲಸವೆಲ್ಲ ಬೆರಳ ತುದಿಗಳ ಸ್ಪರ್ಶಜ್ಞಾನದಿಂದ ನಡೆಯತಕ್ಕದ್ದು. ಕ್ಯಾನ್ಸರಿಗೆ ಕೊಡುವ ಔಷಧಗಳಲ್ಲಿ ಟ್ಯಾಕ್ಸೇನ್ ವರ್ಗದವು ನರಗಳ ತುದಿಗಳನ್ನು ನೋಯಿಸಿ ಬೆರಳುಗಳಲ್ಲಿ ಜೋಮು ಹಿಡಿಸುವುದುಂಟು. ಹಲವರಲ್ಲಿ ಇದು ಕೆಲವು ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಕ್ಷಕಿರಣದ ಚಿತ್ರದಲ್ಲಿ ಗಂತಿ ಕಾಣದಿರಬಹುದು, ರಕ್ತಪರೀಕ್ಷೆ ಸರಿಯಾಗಿರಬಹುದು. ಆದರೂ ಆಕೆಯ ದುಡಿಮೆ ನಿಂತಿರುತ್ತದೆ. ಯಾವ ಯಂತ್ರವೂ ಈ ನಷ್ಟವನ್ನು ತೋರಿಸಲಾರದು. ಅದನ್ನು ಆಕೆಯ ಬಾಯಿಂದಲೇ ಕೇಳಬೇಕು.

1940ರ ದಶಕದ ಕೊನೆಯಲ್ಲಿ ಅಮೆರಿಕದ ಡೇವಿಡ್ ಕಾರ್ನೊಫ್‌ಸ್ಕಿ ಎಂಬ ವೈದ್ಯರು ರೋಗಿಯ ಕಾರ್ಯಶಕ್ತಿಗೆ 0ಯಿಂದ 100ರವರೆಗೆ ಅಂಕ ಕೊಡುವ ಕ್ರಮವನ್ನು ರೂಪಿಸಿದರು. ಆದರೆ ಅಲ್ಲಿ ಅಂಕ ಕೊಡುವವರು ವೈದ್ಯರು. 1993ರಲ್ಲಿ ಯುರೋಪಿನ ಕ್ಯಾನ್ಸರ್ ಸಂಶೋಧಕರು ಪ್ರಕಟಿಸಿದ 30 ಪ್ರಶ್ನೆಗಳ ಪಟ್ಟಿಯಲ್ಲಿ ಉತ್ತರಿಸುವವರು ರೋಗಿಗಳೇ. ಸ್ತನ ಕ್ಯಾನ್ಸರಿಗೆಂದೇ 1996ರಲ್ಲಿ ಇನ್ನೂ 23 ಪ್ರಶ್ನೆಗಳು ಸೇರಿದವು: ತೋಳಿನ ನೋವು, ಕೂದಲು ಉದುರುವಿಕೆ, ತನ್ನ ದೇಹವನ್ನು ಕುರಿತ ಭಾವನೆ ಮುಂತಾದವು.

ಉತ್ತರಗಳು ಅಂಕಿಗಳಾಗುವ ಬಗೆ ಸುಲಭ. ಬಹುತೇಕ ಪ್ರಶ್ನೆಗಳಿಗೆ 'ಏನೂ ಇಲ್ಲ' ಎಂದರೆ 1, 'ಬಹಳ' ಎಂದರೆ 4. ನಿತ್ಯದ ಕೆಲಸಕ್ಕೂ ಬಿಡುವಿನ ಹವ್ಯಾಸಕ್ಕೂ ಎಷ್ಟು ಅಡ್ಡಿಯಾಗಿದೆಯೆಂಬ ಎರಡು ಪ್ರಶ್ನೆಗಳಿಗೆ ಒಬ್ಬಾಕೆ 2 ಮತ್ತು 3 ಎಂದು ಉತ್ತರಿಸಿದಳೆನ್ನೋಣ. ಸರಾಸರಿ 2.5. ಇದರಿಂದ 1ನ್ನು ಕಳೆದು 3ರಿಂದ ಭಾಗಿಸಿದರೆ ಅರ್ಧ. ಅದನ್ನು 1ರಿಂದ ಕಳೆದು ನೂರರಿಂದ ಗುಣಿಸಿದರೆ 50 ಅಂಕ. ಇಬ್ಬರು ಮಹಿಳೆಯರ 50 ಒಂದೇ ಅಲ್ಲವೆಂಬುದು ನಿಜ. ಆದರೆ ಒಬ್ಬಳದೇ ಅಂಕ ಚಿಕಿತ್ಸೆಗೆ ಮುನ್ನ ಸುಮಾರು 83 ಇದ್ದು ಅನಂತರ 50 ಆದರೆ, ಆ ಇಳಿತಕ್ಕೆ ಸ್ಪಷ್ಟವಾದ ಅರ್ಥವುಂಟು.

ಚಿಕಿತ್ಸೆಯ ಕ್ರಮವೂ ಕಾಲಕ್ರಮದಲ್ಲಿ ಮೃದುವಾಗಿದೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದರು. ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ 1976ರಲ್ಲಿ ಆರಂಭವಾದ ಪ್ರಯೋಗದ 20 ವರ್ಷಗಳ ಫಲ 2002ರಲ್ಲಿ ಪ್ರಕಟವಾಯಿತು. ಗಂತಿ ಚಿಕ್ಕದಿದ್ದಾಗ ಅದನ್ನಷ್ಟೇ ತೆಗೆದವರೂ ಇಡೀ ಸ್ತನವನ್ನು ತೆಗೆಸಿಕೊಂಡವರೂ ಬದುಕುಳಿದ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಗಂತಿಯನ್ನಷ್ಟೇ ತೆಗೆದಾಗ ಕಿರಣಚಿಕಿತ್ಸೆ ಅಗತ್ಯ: ಅದಿಲ್ಲದವರಲ್ಲಿ 100ಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು, ಪಡೆದವರಲ್ಲಿ 14 ಮಂದಿಗೆ ಮಾತ್ರ.

ಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ. 40 ಗ್ರೇ ಶಕ್ತಿ ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯ ನೂರನೆಯ ಒಂದು ಪಾಲಿನಷ್ಟೇ ಏರಿಸಬಲ್ಲದು. ಆದರೂ ಜೀವಕೋಶಗಳ ಡಿಎನ್‌ಎ ತಂತುಗಳನ್ನು ಮುರಿಯಲು ಅದು ಸಾಕು! ಹಿಂದೆ 50 ಗ್ರೇಯನ್ನು 25 ಕಂತುಗಳಲ್ಲಿ ಐದು ವಾರ ಕೊಡುತ್ತಿದ್ದರು. 40 ಗ್ರೇಯನ್ನು 15 ಕಂತುಗಳಲ್ಲಿ ಮೂರು ವಾರದೊಳಗೆ ಕೊಟ್ಟರೂ ರೋಗದ ಹತೋಟಿ ಕುಂದದೆಂದೂ, ಆರೋಗ್ಯವಂತ ಅಂಗಾಂಶಕ್ಕೆ ಬಾಧೆ ಕಡಮೆಯೆಂದೂ ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಮತ್ತು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಭಾರತದ ಅನೇಕ ಆಸ್ಪತ್ರೆಗಳಲ್ಲಿಯೂ ಈಗ ಈ ಕ್ರಮವುಂಟು. ಬಜಪೆಯಿಂದ ದಿನವೂ ಅತ್ತಾವರಕ್ಕೋ ಕಂಕನಾಡಿಗೋ ದೇರಳಕಟ್ಟೆಗೋ ಬಸ್ಸಿನಲ್ಲಿ ಹೋಗಿಬರಬೇಕಾದವಳಿಗೆ ಹತ್ತು ದಿನಗಳ ಪ್ರಯಾಣವೂ ಆಯಾಸವೂ ಉಳಿದಂತಾಯಿತು. ಬಾಳಿನ ಹಿತವೆಂದರೆ ಇದೂ ಹೌದು.

ಇನ್ನು ತೋಳಿನ ಮಾತು. ಕಂಕುಳಿನ ಗ್ರಂಥಿಗಳನ್ನು ತೆಗೆದರೆ ದುಗ್ಧರಸ ಹರಿಯುವ ದಾರಿ ಕಟ್ಟಿ, ಕೆಲವರಲ್ಲಿ ತೋಳು ಊದಿಕೊಳ್ಳುತ್ತದೆ. ಆದುದರಿಂದ ಕೊಡ ಎತ್ತಬಾರದು, ಭಾರ ಹೊರಬಾರದು ಎಂಬ ಎಚ್ಚರಿಕೆ ಬಹುಕಾಲ ನಡೆದುಬಂದಿತು. ತೋಳು ಊದಿದ್ದ 141 ಮಹಿಳೆಯರನ್ನು ಕುರಿತ ಅಮೆರಿಕದ ಅಧ್ಯಯನವೊಂದರ ಫಲ 2009ರಲ್ಲಿ ಬೇರೆಯೇ ಆಗಿತ್ತು. ತಜ್ಞರ ಮಾರ್ಗದರ್ಶನದಲ್ಲಿ, ಭಾರವನ್ನು ಮೆಲ್ಲಮೆಲ್ಲನೆ ಏರಿಸುತ್ತ ವ್ಯಾಯಾಮ ಮಾಡಿದವರಲ್ಲಿ ಊತ ಹೆಚ್ಚಲಿಲ್ಲ. ಊತ ಉಲ್ಬಣಿಸುವ ಸಂದರ್ಭಗಳು ಕಡಮೆಯಾದುವು, ತೋಳಿಗೆ ಬಲವೂ ಬಂದಿತು. ಆದರೆ ವೈದ್ಯರನ್ನು ಕೇಳದೆ ತಾವಾಗಿ ಇದನ್ನು ಆರಂಭಿಸುವುದು ಸಲ್ಲದು.

ವಿದ್ಯಾರ್ಥಿಗಳಾದ ನೀವು ಮಾಡಬಹುದಾದುದೂ ಉಂಟು. ಸ್ತನದಲ್ಲಿ ನೋವಿಲ್ಲದ ಗಂಟು ಕಂಡರೂ ಸಂಕೋಚಪಟ್ಟು ಮುಚ್ಚಿಡಬಾರದೆಂದು ಮನೆಯ ಹಿರಿಯ ಹೆಂಗಸರಿಗೆ ತಿಳಿಸಿರಿ. ಈ ರೋಗ ಅಂಟುವಂತಹುದಲ್ಲವೆಂದು ನೆರೆಹೊರೆಯವರಿಗೂ ಹೇಳಿರಿ. ಚಿಕಿತ್ಸೆ ಮುಗಿಸಿ ಬಂದವರನ್ನು 'ಗುಣವಾಯಿತೆ?' ಎಂದಷ್ಟೇ ಕೇಳಿ ಸುಮ್ಮನಾಗದಿರಿ. ನಿದ್ದೆ ಬರುವುದೆ, ತೋಳು ಮೇಲೇಳುವುದೆ, ಬೆರಳಿಗೆ ನೂಲು ತಿಳಿಯುವುದೆ ಎಂದೂ ಕೇಳಿರಿ. ಉತ್ತರ 'ಇಲ್ಲ' ಎಂದಾದರೆ, ಅದನ್ನು ವೈದ್ಯರ ಮುಂದೆ ಹೇಳಲು ಅವರ ಜೊತೆಯಲ್ಲಿ ಹೋಗಿರಿ.