ನೆಹರೂ ನಾಣ್ಯ: ಬೆಲೆ ಬರುವುದು ಯಾವುದಕ್ಕೆ?

ಸ್ವತಂತ್ರ ಭಾರತವು ಮೊದಲ ಸ್ಮರಣಾರ್ಥ ನಾಣ್ಯಗಳನ್ನು ಹೊರತಂದದ್ದು 1964ರಲ್ಲಿ, ಜವಾಹರಲಾಲ್ ನೆಹರೂ ನಿಧನರಾದ ವರ್ಷ. ಒಂದು ರೂಪಾಯಿ ಹಾಗೂ 50 ಪೈಸೆಯ ಆ ನಾಣ್ಯಗಳು ಹಲವು ಮನೆಗಳಲ್ಲಿ ಇಂದಿಗೂ ಜೋಪಾನವಾಗಿವೆ. ಅವುಗಳಿಗೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ಹೇಳುವ ಜಾಹೀರಾತುಗಳಿಗೂ ಬರವಿಲ್ಲ.

ವಾಸ್ತವ ಬೇರೆ. ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಟಂಕಿಸಿದ ನಾಣ್ಯಕ್ಕೆ ನಾಯಕರ ಭಾವಚಿತ್ರ ಇದ್ದ ಮಾತ್ರಕ್ಕೆ ಬೆಲೆ ಬರದು. ಸಂಗ್ರಾಹಕರು ಮೊದಲು ಹುಡುಕುವುದು ಇಸವಿಯ ಬಳಿಯ ಟಂಕಸಾಲೆ ಗುರುತನ್ನು. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್. ಗುರುತೇ ಇಲ್ಲದ್ದು ಕೋಲ್ಕತ್ತದ್ದು. ನೆಹರೂ ಅವರ 50 ಪೈಸೆಯಲ್ಲಿ ಹೆಸರು ಇಂಗ್ಲಿಷಿನಲ್ಲಿದೆಯೋ ದೇವನಾಗರಿಯಲ್ಲಿದೆಯೋ ಎಂಬುದೂ ಮುಖ್ಯ. ಎಲ್ಲಕ್ಕಿಂತ ಹೆಚ್ಚಾಗಿ ನಾಣ್ಯ ಸವೆದಿರಬಾರದು. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಹೊಳಪೇನೋ ಬರುತ್ತದೆ, ಇದ್ದ ಬೆಲೆಯೂ ಹೋಗುತ್ತದೆ!

ಗಾಂಧಿ ಜನ್ಮಶತಾಬ್ದಿಯ 1969ರ ಹತ್ತು ರೂಪಾಯಿ ನಾಣ್ಯದ ಮಾತು ಬೇರೆ. 15 ಗ್ರಾಂ ತೂಕದ ಅದರಲ್ಲಿ ಶೇ 80ರಷ್ಟು ಬೆಳ್ಳಿ ಇರುವುದರಿಂದ ಲೋಹದ ಮೌಲ್ಯವೇ ಮುಖಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ.

ಹಳೆಯ ನಾಣ್ಯ ಮಾರಿಕೊಡುವುದಾಗಿ ನಂಬಿಸಿ, ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರೂ ಇದ್ದಾರೆ. ತಾನು ಇಂಥ ವಹಿವಾಟು ನಡೆಸುವುದಿಲ್ಲ, ಶುಲ್ಕ ವಸೂಲಿಗೆ ಯಾರಿಗೂ ಅಧಿಕಾರ ನೀಡಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಸ್ಪಷ್ಟಪಡಿಸಿದೆ.