ಪ್ರತಿಗೆ ಎಷ್ಟು ದಾರಿ ಬಿಡಬೇಕು?

ಬೆಳಿಗ್ಗೆ ಹತ್ತು ಗಂಟೆ. ದೊಡ್ಡ ಆಸ್ಪತ್ರೆಯೊಂದರ ವೈದ್ಯರು ಬೇರೆ ಊರಿನ ಶಾಖೆಯಲ್ಲಿ ತೆಗೆದ ಸಿ.ಟಿ. ಸ್ಕ್ಯಾನ್ ತೆರೆಯುತ್ತಾರೆ, ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಸರ್ವರ್ ಕೆಟ್ಟಿಲ್ಲ, ಕೇಬಲ್ ಕಡಿದಿಲ್ಲ. ಅದೇ ಲೈನಿನಲ್ಲಿ ಆಸ್ಪತ್ರೆಯ ಸ್ಟೋರೇಜ್ ತನ್ನ ಡೇಟಾದ ಪ್ರತಿಯನ್ನು 400 ಕಿ.ಮೀ. ದೂರದ ಇನ್ನೊಂದು ಸ್ಟೋರೇಜ್‌ಗೆ ಕಳಿಸುತ್ತಿದೆ. ಬೆಂಕಿಯೋ ನೆರೆಯೋ ಬಂದು ಒಂದು ಕಡೆ ಹಾಳಾದರೂ ಇನ್ನೊಂದು ಕಡೆ ಉಳಿಯಲಿ ಎಂದು ಮಾಡಿಕೊಂಡ ಈ ಏರ್ಪಾಡಿಗೆ ರೆಪ್ಲಿಕೇಷನ್ ಎನ್ನುತ್ತಾರೆ.

ಎರಡೂ ಕಡೆ ಒಟ್ಟಿಗೇ ಬರೆದರಾಗದೇ? ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 400 ಕಿ.ಮೀ. ಹೋಗಿಬರಲು 4 ಮಿಲಿಸೆಕೆಂಡ್ ಬೇಕೇ ಬೇಕು. ಒಂದೊಂದು ಬರಹವೂ ಅಷ್ಟು ಕಾದರೆ ಇಡೀ ವ್ಯವಸ್ಥೆ ಕುಂಟುತ್ತದೆ. ಹಾಗಾಗಿ ಇಲ್ಲಿ ಮೊದಲು ಬರೆದು, ಅಲ್ಲಿಗೆ ಆಮೇಲೆ ಕಳಿಸುತ್ತಾರೆ. ಈ ‘ಆಮೇಲೆ’ ಎಷ್ಟು ಹೊತ್ತಿನದು ಎಂಬುದನ್ನು ಬ್ಯಾಂಡ್‌ವಿಡ್ತ್ ನಿರ್ಧರಿಸುತ್ತದೆ.

ಲೈನ್ 100 ಎಂಬಿಪಿಎಸ್‌ನದು, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನದು ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ರೆಪ್ಲಿಕೇಷನ್‌ಗೆ 20, ರಾತ್ರಿ 80 ಎಂದು ಮಿತಿ ಹಾಕಿದರೆ ವೈದ್ಯರ ಸ್ಕ್ಯಾನ್ ಸಲೀಸಾಗಿ ತೆರೆಯುತ್ತದೆ. ಆದರೆ ಹಗಲಿನಲ್ಲಿ 400 ಜಿಬಿ ಹೊಸ ಡೇಟಾ ಸೇರಿದರೆ ಸಂಜೆಯೊಳಗೆ ಹೋಗುವುದು 90 ಜಿಬಿ ಮಾತ್ರ. ಉಳಿದ 310 ಜಿಬಿ ಪೂರ್ತಿ ತಲುಪುವಾಗ ಬೆಳಗಿನ ಜಾವ ಮೂರೂವರೆ ದಾಟಿರುತ್ತದೆ.

ಮಿತಿ ಹಾಕುವಾಗ ಅಳತೆಯ ಮೇಲೆ ಕಣ್ಣಿರಬೇಕು. ಲೈನಿನ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ. ನೆಟ್‌ಆಪ್ ಕಂಪನಿಯ ಸ್ನ್ಯಾಪ್‌ಮಿರರ್ ಎಂಬ ರೆಪ್ಲಿಕೇಷನ್ ತಂತ್ರಾಂಶ ಮಿತಿಯನ್ನು ಕಿಲೋಬೈಟ್‌ನಲ್ಲಿ ಕೇಳುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. 20 ಎಂಬಿಪಿಎಸ್‌ಗೆ 2,500 ಎಂದು ಕೊಡಬೇಕಾದಲ್ಲಿ 20,000 ಎಂದು ಕೊಟ್ಟರೆ ರೆಪ್ಲಿಕೇಷನ್ ಇಡೀ ಲೈನನ್ನೇ ನುಂಗುತ್ತದೆ.

ಹೊರೆ ಇಳಿಸುವ ದಾರಿಗಳೂ ಇವೆ. ಮೊದಲ ದೊಡ್ಡ ಪ್ರತಿಯನ್ನು ಡಿಸ್ಕ್‌ಗೆ ತುಂಬಿ ವಾಹನದಲ್ಲೇ ಸಾಗಿಸಬಹುದು. ಆಮೇಲೆ ಬದಲಾದ ಬ್ಲಾಕ್‌ಗಳನ್ನಷ್ಟೇ ಕಳಿಸಿದರೆ ಸಾಕು. ಕುಗ್ಗಿಸಿಯೂ ಕಳಿಸಬಹುದು. ಆದರೆ ಮೊದಲೇ ಕುಗ್ಗಿಸಿದ ಚಿತ್ರಗಳು, ಎನ್‌ಕ್ರಿಪ್ಟ್ ಆದ ಫೈಲುಗಳು ಮತ್ತೆ ಅಷ್ಟಾಗಿ ಕುಗ್ಗುವುದಿಲ್ಲ.

ಸಂಜೆ ಏಳಕ್ಕೆ ಈ ಕಡೆಯ ಕಟ್ಟಡಕ್ಕೆ ಬೆಂಕಿ ಬಿದ್ದರೆ ಆ 310 ಜಿಬಿ ಎಲ್ಲಿಯೂ ಸಿಗದು. ಅದರಲ್ಲಿ ಆ ದಿನ ಬಂದ ರೋಗಿಗಳ ಸ್ಕ್ಯಾನ್‌ಗಳಿರುತ್ತವೆ, ರಕ್ತಪರೀಕ್ಷೆಯ ವರದಿಗಳಿರುತ್ತವೆ. ಹಗಲಿನ ಮಿತಿ 20 ಇರಲಿ ಎನ್ನುವವರು ಇಷ್ಟು ನಷ್ಟಕ್ಕೂ ಒಪ್ಪಿದಂತೆಯೇ. ಈ ಒಪ್ಪಿಗೆಯನ್ನು ಎಂಜಿನಿಯರ್ ಒಬ್ಬರ ತಲೆಗೆ ಕಟ್ಟಬಾರದು. 2,500 ಎಂದು ಟೈಪ್ ಮಾಡುವ ಮೊದಲು ವೈದ್ಯರೂ ಆಡಳಿತದವರೂ ಅವರ ಜೊತೆ ಕೂತು ಈ ಲೆಕ್ಕ ನೋಡಬೇಕು.